‘ದಿ ಇಮಿಟೇಷನ್ ಗೇಮ್’ ಬಗ್ಗೆ ಅಭಿಪ್ರಾಯ ಬರೆಯುವ ಮುನ್ನ ಮಾಡಬೇಕಾದ ಕೆಲಸ

2014ರಲ್ಲಿ ಬಂದ ‘ದಿ ಇಮಿಟೇಷನ್ ಗೇಮ್’ ಬ್ರಿಟಿಷ್ ಗಣಿತಜ್ಞ ಅಲನ್ ಟ್ಯೂರಿಂಗ್ ಅವರ ಕಥೆ; ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ಗೂಢಲಿಪಿ ಯಂತ್ರ ಎನಿಗ್ಮಾದ ಸಂದೇಶಗಳನ್ನು ಇನ್ನೊಂದು ಯಂತ್ರದಿಂದ ಒಡೆದದ್ದು ಅದರ ತಿರುಳು. ನೋಡಿದವರ ಅಭಿಪ್ರಾಯಗಳು ಹೆಚ್ಚಾಗಿ ಎರಡು ತುದಿಗೆ ಹೋಗಿ ಕೂರುತ್ತವೆ. ಒಂದು: ಕಣ್ಣಲ್ಲಿ ನೀರು ಬಂತು, ಎಲ್ಲರೂ ನೋಡಲೇಬೇಕು. ಇನ್ನೊಂದು: ಇತಿಹಾಸ ತಿರುಚಿದ್ದಾರೆ, ನೋಡಬೇಡಿ. ಎರಡೂ ಸುಳ್ಳಲ್ಲ. ಆದರೆ ಓದುವವರಿಗೆ ಎರಡರಿಂದಲೂ ಏನೂ ಸಿಗುವುದಿಲ್ಲ. ಯಾವ ದೃಶ್ಯ ಅಳಿಸಿತು, ಯಾವುದನ್ನು ತಿರುಚಿದರು, ಅದರಿಂದ ಯಾರಿಗೆ ಅನ್ಯಾಯವಾಯಿತು ಎಂಬುದು ಅಲ್ಲಿರುವುದೇ ಇಲ್ಲ. ಈ ಚಿತ್ರಕ್ಕೆ ಎಂಟು ಆಸ್ಕರ್ ನಾಮನಿರ್ದೇಶನಗಳಿದ್ದವು, ಗೆದ್ದದ್ದು ಒಂದೇ, ಅದೂ ಚಿತ್ರಕಥೆಗೆ. ಬೈಗುಳ ತಿಂದದ್ದೂ ಆ ಚಿತ್ರಕಥೆಯೇ. ಹಾಗಾಗಿ ಪರೀಕ್ಷೆ ಮಾಡಬೇಕಾದ್ದು ಮುಖ್ಯವಾಗಿ ಅದನ್ನೇ.

ಬೇಕಾಗುವ ಸಾಮಾನು ಕಡಿಮೆ: ಒಂದು ನೋಟ್‌ಬುಕ್, ಎರಡು ಬಣ್ಣದ ಪೆನ್ನು, ಚೌಕುಳಿ ಹಾಳೆ, ಕತ್ತರಿ, ಕ್ಯಾಲ್ಕ್ಯುಲೇಟರ್. ಸಮಯ ಮಾತ್ರ ಎರಡು ಸಂಜೆ ಬೇಕು.

ಮೊದಲ ಸಲ ನೋಡುವಾಗ

ನಿಲ್ಲಿಸದೆ ನೋಡಿ. ನಡುವೆ ಫೋನ್ ತೆಗೆದು ‘ಇದು ನಿಜವಾ’ ಎಂದು ಹುಡುಕಲು ಹೋದರೆ ಚಿತ್ರ ಕಟ್ಟುವ ಒತ್ತಡ ಅಲ್ಲೇ ಹರಿದುಹೋಗುತ್ತದೆ. ಆಮೇಲೆ ‘ಚಿತ್ರ ನಿಧಾನ’ ಎಂದು ಬರೆದರೆ ಅದು ಚಿತ್ರದ ತಪ್ಪೋ ಫೋನಿನ ತಪ್ಪೋ ಹೇಳಲಾಗದು. ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಿ. ಟ್ಯೂರಿಂಗ್ ಪಾತ್ರದ ಬೆನೆಡಿಕ್ಟ್ ಕಂಬರ್‌ಬ್ಯಾಚ್ ವೇಗವಾಗಿ, ಪದ ನುಂಗಿ ಮಾತಾಡುವ ಕಡೆಗಳಲ್ಲೇ ಅಂಕಿಸಂಖ್ಯೆಗಳು ಬರುತ್ತವೆ.

ಕಥೆ ಮೂರು ಕಾಲಗಳ ನಡುವೆ ಹಿಂದೆ ಮುಂದೆ ಓಡಾಡುತ್ತದೆ: ಶರ್ಬೋರ್ನ್ ಶಾಲೆಯ ದಿನಗಳು, ಯುದ್ಧದ ಬ್ಲೆಚ್ಲಿ ಪಾರ್ಕ್ (ಬ್ರಿಟಿಷರು ಗೂಢಲಿಪಿ ಒಡೆಯುತ್ತಿದ್ದ ಕೇಂದ್ರ), 1951ರ ಮ್ಯಾಂಚೆಸ್ಟರ್. ಚಿತ್ರ ಮುಗಿದ ಒಂದು ಗಂಟೆಯೊಳಗೆ, ಏನನ್ನೂ ಓದದೆ, ಮೂರು ಕಾಲಕ್ಕೂ ಒಂದೊಂದು ಪುಟ ಕೊಟ್ಟು ನೆನಪಿದ್ದದ್ದನ್ನೆಲ್ಲ ಬರೆಯಿರಿ. ನಿಮಗೆ ಅನ್ನಿಸಿದ್ದಕ್ಕೆ ಒಂದು ಬಣ್ಣ, ಚಿತ್ರ ‘ಹೀಗೆ ನಡೆಯಿತು’ ಎಂದು ಹೇಳಿದ್ದಕ್ಕೆ ಇನ್ನೊಂದು. ಇವೆರಡನ್ನು ಬೆರೆಸುವುದೇ ಹೆಚ್ಚಿನ ಅಭಿಪ್ರಾಯಗಳು ಹಾಳಾಗುವ ಜಾಗ. ‘ಬ್ಲೆಚ್ಲಿಯ ಮುಖ್ಯಸ್ಥ ಡೆನಿಸ್ಟನ್ ಕಂಡರೆ ಸಿಟ್ಟು ಬಂತು’ ಎಂಬುದು ಅನಿಸಿಕೆ. ‘ಡೆನಿಸ್ಟನ್ ಟ್ಯೂರಿಂಗ್ ಅವರ ಯಂತ್ರವನ್ನು ನಿಲ್ಲಿಸಲು ಹೊರಟಿದ್ದರು’ ಎಂಬುದು ಚಿತ್ರದ ಹೇಳಿಕೆ. ಮೊದಲನೆಯದಕ್ಕೆ ಸಾಕ್ಷಿ ಬೇಕಿಲ್ಲ, ಎರಡನೆಯದಕ್ಕೆ ಬೇಕು.

ಎರಡನೇ ಸಲ ನೋಡುವಾಗ ನಿಲ್ಲಿಸಿ ನಿಲ್ಲಿಸಿ ನೋಡಿ, ಹೇಳಿಕೆಗಳ ಎದುರು ನಿಮಿಷ ಗುರುತು ಹಾಕಿ. ಒಂದು ಎಚ್ಚರಿಕೆ: ಚಿತ್ರದ ಅವಧಿ 114 ನಿಮಿಷ. ಯುರೋಪಿನ ‘ಪಾಲ್’ ಎಂಬ ಟಿವಿ ಮಾದರಿಯ ಡಿವಿಡಿಗಳಲ್ಲಿ ಅದೇ ಚಿತ್ರ ಶೇಕಡ ನಾಲ್ಕರಷ್ಟು ವೇಗವಾಗಿ ಓಡಿ ಸುಮಾರು 109 ನಿಮಿಷಕ್ಕೆ ಮುಗಿಯುತ್ತದೆ. ನಿಮ್ಮ ಗುರುತು ಇನ್ನೊಬ್ಬರದಕ್ಕೆ ಹೊಂದದಿದ್ದರೆ ಜಗಳಕ್ಕೆ ಮೊದಲು ಪ್ರತಿ ಯಾವುದು ಎಂದು ಕೇಳಿ.

ಅಂಕಿಗಳನ್ನು ನೀವೇ ಲೆಕ್ಕ ಹಾಕಿ

ಚಿತ್ರದಲ್ಲಿ ಟ್ಯೂರಿಂಗ್ ಹೇಳುವ ಒಂದು ಸಂಖ್ಯೆ ಎಲ್ಲರ ಬಾಯಲ್ಲೂ ಇದೆ: ಎನಿಗ್ಮಾವನ್ನು ಹೊಂದಿಸಿಡಬಹುದಾದ 159 ಮಿಲಿಯನ್ ಮಿಲಿಯನ್ ಮಿಲಿಯನ್ ಜೋಡಣೆಗಳು. ಇದು ಸರಿಯಾದ ಸಂಖ್ಯೆ, ಹತ್ತು ನಿಮಿಷದಲ್ಲಿ ಪರೀಕ್ಷಿಸಬಹುದು. ಎನಿಗ್ಮಾದ ಒಳಗೆ ಅಕ್ಷರ ಬದಲಿಸುವ ತಿರುಗು ಚಕ್ರಗಳೇ ರೋಟರ್. ಐದು ರೋಟರ್‌ಗಳಿಂದ ಮೂರನ್ನು ಆರಿಸಿ ಸಾಲಾಗಿ ಇಡುವ ಬಗೆ 5 × 4 × 3 = 60. ಮೂರು ರೋಟರ್‌ಗಳ ಆರಂಭದ ಸ್ಥಾನ 26 × 26 × 26 = 17,576. ಮುಂಭಾಗದ ಪ್ಲಗ್‌ಬೋರ್ಡ್‌ನಲ್ಲಿ ಹತ್ತು ವೈರುಗಳಿಂದ ಇಪ್ಪತ್ತು ಅಕ್ಷರಗಳನ್ನು ಜೋಡಿ ಮಾಡುವ ಬಗೆ 150,738,274,937,250. ಮೂರನ್ನೂ ಗುಣಿಸಿದರೆ ಸುಮಾರು 1.59ರ ಮುಂದೆ ಹತ್ತರ ಇಪ್ಪತ್ತನೇ ಘಾತ. ನಮ್ಮ ಲೆಕ್ಕದಲ್ಲಿ 15.9 ಲಕ್ಷ ಕೋಟಿ ಕೋಟಿ.

ಆದರೆ ಮುಂದಿನ ಮಾತು? ಹತ್ತು ಜನ ನಿಮಿಷಕ್ಕೊಂದರಂತೆ ಹಗಲು ರಾತ್ರಿ ಪರೀಕ್ಷಿಸಿದರೆ ಎರಡು ಕೋಟಿ ವರ್ಷ ಬೇಕು ಎನ್ನುತ್ತದೆ ಚಿತ್ರ. ಕ್ಯಾಲ್ಕ್ಯುಲೇಟರ್ ತೆಗೆಯಿರಿ. ವರ್ಷಕ್ಕೆ 5,25,600 ನಿಮಿಷ; ಹತ್ತು ಜನಕ್ಕೆ 52,56,000 ಪರೀಕ್ಷೆ. ಒಟ್ಟು ಜೋಡಣೆಗಳನ್ನು ಇದರಿಂದ ಭಾಗಿಸಿದರೆ ಬರುವುದು ಸುಮಾರು 30 ಲಕ್ಷ ಕೋಟಿ ವರ್ಷ. ಎರಡು ಕೋಟಿಗೂ ಇದಕ್ಕೂ ಅಜಗಜಾಂತರ. ಗಣಿತಜ್ಞನ ಬಾಯಲ್ಲೇ ತಪ್ಪು ಲೆಕ್ಕ ಹಾಕಿಸಿದ್ದು ತಮಾಷೆಯೇ, ಆದರೆ ಅಭಿಪ್ರಾಯದಲ್ಲಿ ಇದಕ್ಕೆ ಒಂದು ಸಾಲಿಗಿಂತ ಹೆಚ್ಚು ಜಾಗ ಕೊಡಬೇಡಿ. ಕಥೆಗೆ ಇದರಿಂದ ಏನೂ ಆಗಿಲ್ಲ. ‘ಕೈಯಲ್ಲಿ ಆಗದ ಕೆಲಸ’ ಎಂಬ ಅರ್ಥ ಎರಡರಲ್ಲೂ ಒಂದೇ.

ಇದಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ ಆ ಸಂಖ್ಯೆಯಿಂದಲೇ ಹುಟ್ಟುತ್ತದೆ: ಟ್ಯೂರಿಂಗ್ ಅವರ ಯಂತ್ರ 15.9 ಲಕ್ಷ ಕೋಟಿ ಕೋಟಿ ಜೋಡಣೆಗಳನ್ನೂ ಒಂದೊಂದಾಗಿ ತಿರುವಿ ನೋಡುತ್ತಿತ್ತು ಎಂದು. ಎಷ್ಟೋ ನೋಡುಗರು ಹೀಗೆಯೇ ಬರೆಯುತ್ತಾರೆ. ಹಾಗೆ ಮಾಡಿದ್ದರೆ ಆ ಯಂತ್ರ ಇವತ್ತಿಗೂ ತಿರುಗುತ್ತಲೇ ಇರುತ್ತಿತ್ತು. ಅದು ನಿಜಕ್ಕೂ ಏನು ಮಾಡುತ್ತಿತ್ತು ಎಂದು ತಿಳಿಯದೆ ಚಿತ್ರದ ಅತಿ ಮುಖ್ಯ ದೃಶ್ಯವನ್ನು ತೂಗಲು ಬರುವುದಿಲ್ಲ.

ಪಬ್‌ನ ದೃಶ್ಯವನ್ನು ಕಾಗದದ ಮೇಲೆ ಪರೀಕ್ಷಿಸುವುದು

ಚಿತ್ರದ ತಿರುವು ಹೀಗಿದೆ: ಯಂತ್ರ ತಯಾರಾಗಿದೆ, ದಿನವೂ, ಜರ್ಮನ್ನರು ಜೋಡಣೆ ಬದಲಿಸುವ ಮಧ್ಯರಾತ್ರಿಯವರೆಗೆ ತಿರುಗಿ ಸೋಲುತ್ತಿದೆ. ಒಂದು ರಾತ್ರಿ ಪಬ್‌ನಲ್ಲಿ ಹೆಲೆನ್ ಎಂಬ ಹುಡುಗಿ, ತಾನು ರೇಡಿಯೊದಲ್ಲಿ ಕೇಳುವ ಜರ್ಮನ್ ಆಪರೇಟರ್ ಪ್ರತಿ ಸಂದೇಶವನ್ನೂ ಒಂದೇ ಅಕ್ಷರಗಳಿಂದ ಶುರು ಮಾಡುತ್ತಾನೆ ಎನ್ನುತ್ತಾಳೆ. ಟ್ಯೂರಿಂಗ್ ಓಡುತ್ತಾರೆ, ಸಂದೇಶದಲ್ಲಿ ಇರಲೇಬೇಕಾದ ಪದಗಳನ್ನು ಯಂತ್ರಕ್ಕೆ ಕೊಡುತ್ತಾರೆ, ಯಂತ್ರ ನಿಲ್ಲುತ್ತದೆ.

ಸಂದೇಶದಲ್ಲಿ ಇರಬಹುದಾದ ಪದವನ್ನು ಊಹಿಸಿ ಹಿಡಿಯುವುದಕ್ಕೆ ಬ್ಲೆಚ್ಲಿಯವರು ‘ಕ್ರಿಬ್’ ಎನ್ನುತ್ತಿದ್ದರು. ಇದು ಕೊನೆಗೆ ಹೊಳೆದ ಉಪಾಯವಲ್ಲ. ಯಂತ್ರದ ವಿನ್ಯಾಸವೇ ಕ್ರಿಬ್ ಮೇಲೆ ನಿಂತಿತ್ತು. ಕ್ರಿಬ್ ಇಲ್ಲದೆ ಅದಕ್ಕೆ ವೈರ್ ಜೋಡಿಸಲೂ ಆಗುತ್ತಿರಲಿಲ್ಲ. ಮಾತಿನಲ್ಲಿ ನಂಬುವುದಕ್ಕಿಂತ ಕೈಯಿಂದ ಮಾಡಿ ನೋಡಿ.

ಚೌಕುಳಿ ಹಾಳೆಯಲ್ಲಿ ಎರಡು ಪಟ್ಟಿ ಕತ್ತರಿಸಿ. ಉದ್ದ ಪಟ್ಟಿಯ ಹತ್ತು ಚೌಕಗಳಲ್ಲಿ ಗೂಢಸಂದೇಶ: ಕೆ, ಇ, ಎಂ, ಟಿ, ಟಿ, ಕ್ಯೂ, ಇ, ಪಿ, ಎಲ್, ಆರ್. ಚಿಕ್ಕ ಪಟ್ಟಿಯ ಆರು ಚೌಕಗಳಲ್ಲಿ ಜರ್ಮನ್ ಭಾಷೆಯಲ್ಲಿ ಹವಾಮಾನಕ್ಕಿರುವ ‘ವೆಟ್ಟರ್’ ಪದ: ಡಬ್ಲ್ಯು, ಇ, ಟಿ, ಟಿ, ಇ, ಆರ್. ಚಿಕ್ಕ ಪಟ್ಟಿಯನ್ನು ದೊಡ್ಡದರ ಕೆಳಗೆ ಎಡತುದಿಯಲ್ಲಿಟ್ಟು ಒಂದೊಂದೇ ಚೌಕ ಬಲಕ್ಕೆ ಸರಿಸಿ. ನಿಯಮ ಒಂದೇ: ಮೇಲೆ ಕೆಳಗೆ ಒಂದೇ ಅಕ್ಷರ ಬಂದರೆ ಆ ಜಾಗ ತಪ್ಪು.

ಯಾಕೆಂದರೆ ಎನಿಗ್ಮಾದಲ್ಲಿ ಯಾವ ಅಕ್ಷರವೂ ತಾನೇ ಆಗಿ ಹೊರಬರುವುದಿಲ್ಲ. ಕೀಲಿ ಒತ್ತಿದಾಗ ವಿದ್ಯುತ್ತು ಪ್ಲಗ್‌ಬೋರ್ಡ್ ದಾಟಿ, ಮೂರು ರೋಟರ್ ದಾಟಿ, ಕೊನೆಯ ರಿಫ್ಲೆಕ್ಟರ್‌ನಲ್ಲಿ ತಿರುಗಿ ಬೇರೆ ದಾರಿಯಲ್ಲೇ ವಾಪಸು ಬರಬೇಕು. ಹೋದ ದಾರಿಯಲ್ಲೇ ಮರಳುವಂತಿಲ್ಲವಾದ್ದರಿಂದ ಒತ್ತಿದ ಅಕ್ಷರದ ದೀಪವೇ ಹೊತ್ತುವಂತಿಲ್ಲ. ಕಳುಹಿಸುವವರಿಗೂ ಬಿಡಿಸುವವರಿಗೂ ಒಂದೇ ಯಂತ್ರ ಸಾಕಾಗಲಿ ಎಂದು ಮಾಡಿದ ಅನುಕೂಲವೇ ಅದರ ಬಿರುಕು.

ಮೊದಲ ಜಾಗದಲ್ಲಿ ‘ಇ’ ಮೇಲೆ ‘ಇ’ ಬಂದು ಡಿಕ್ಕಿ. ಎರಡನೆಯದರಲ್ಲಿಯೂ ಮೂರನೆಯದರಲ್ಲಿಯೂ ‘ಟಿ’ ಮೇಲೆ ‘ಟಿ’. ಐದನೆಯದರಲ್ಲಿ ಕೊನೆಯ ‘ಆರ್’ ಮೇಲೆ ‘ಆರ್’. ಉಳಿಯುವುದು ನಾಲ್ಕನೆಯ ಜಾಗ ಒಂದೇ. ಇಷ್ಟು ಸಲೀಸಾಗಿ ಬಂದದ್ದು ಉದಾಹರಣೆಯನ್ನು ಪಾಠಕ್ಕೆಂದೇ ಹೊಲಿದಿರುವುದರಿಂದ. ಆರು ಅಕ್ಷರದ ಕ್ರಿಬ್ ಯಾವುದೋ ತಪ್ಪು ಜಾಗದಲ್ಲಿ ಡಿಕ್ಕಿಯಿಲ್ಲದೆ ಕೂರುವ ಸಾಧ್ಯತೆ ಶೇಕಡ 79. ಅಂದರೆ ಚಿಕ್ಕ ಪದ ಏನನ್ನೂ ಸಾಬೀತು ಮಾಡುವುದಿಲ್ಲ. ಇಪ್ಪತ್ತು ಅಕ್ಷರದ ಕ್ರಿಬ್ ಆದರೆ ಅದೇ ಸಾಧ್ಯತೆ ಶೇಕಡ 46ಕ್ಕೆ ಇಳಿಯುತ್ತದೆ. ಚಿತ್ರದಲ್ಲಿ ಎರಡು ಮೂರು ಚಿಕ್ಕ ಪದಗಳಿಂದಲೇ ಯಂತ್ರ ನಿಲ್ಲುವುದನ್ನು ಈ ಲೆಕ್ಕದ ಎದುರಿಗಿಟ್ಟು ನೋಡಿ.

ಈಗ ಉಳಿದ ನಾಲ್ಕನೆಯ ಜಾಗದಲ್ಲಿ ಜೋಡಿಗಳನ್ನು ಬರೆದುಕೊಳ್ಳಿ. ಸಂದೇಶದ ನಾಲ್ಕನೇ ಚೌಕದಲ್ಲಿ ಡಬ್ಲ್ಯು–ಟಿ, ಐದರಲ್ಲಿ ಇ–ಟಿ, ಆರರಲ್ಲಿ ಟಿ–ಕ್ಯೂ, ಏಳರಲ್ಲಿ ಟಿ–ಇ, ಎಂಟರಲ್ಲಿ ಇ–ಪಿ, ಒಂಬತ್ತರಲ್ಲಿ ಆರ್–ಎಲ್. ಅಕ್ಷರಗಳನ್ನು ಚುಕ್ಕಿಗಳಾಗಿಟ್ಟು ಜೋಡಿಗಳನ್ನು ಗೆರೆಯಿಂದ ಸೇರಿಸಿ, ಗೆರೆಯ ಮೇಲೆ ಚೌಕದ ಸಂಖ್ಯೆ ಹಾಕಿ. ನಿಮಗೆ ಗೊತ್ತಿಲ್ಲದೆಯೇ ಬ್ಲೆಚ್ಲಿಯವರು ‘ಮೆನು’ ಎಂದು ಕರೆಯುತ್ತಿದ್ದ ಚಿತ್ರ ಬಿಡಿಸಿದ್ದೀರಿ. ಅದರಲ್ಲಿ ‘ಟಿ’ ಮತ್ತು ‘ಇ’ ನಡುವೆ ಎರಡು ಗೆರೆಗಳಿವೆ, ಐದು ಮತ್ತು ಏಳು. ಅದು ಒಂದು ಕುಣಿಕೆ.

ಆ ಕುಣಿಕೆಯೇ ಯಂತ್ರದ ಆಹಾರ. ‘ಟಿ’ ಪ್ಲಗ್‌ಬೋರ್ಡ್‌ನಲ್ಲಿ ‘ಎ’ ಜತೆ ಜೋಡಿಯಾಗಿದೆ ಎಂದು ಊಹಿಸಿ. ಒಂದು ರೋಟರ್ ಸ್ಥಾನ ಇಟ್ಟುಕೊಂಡು ‘ಎ’ಯನ್ನು ಐದನೇ ಚೌಕದ ರೋಟರ್‌ಗಳ ಮೂಲಕ ಕಳಿಸಿದರೆ ಯಾವುದೋ ಅಕ್ಷರ ಬರುತ್ತದೆ, ಅದೇ ‘ಇ’ಯ ಜೋಡಿಯಾಗಿರಬೇಕು. ಅದನ್ನು ಏಳನೇ ಚೌಕದ ಮೂಲಕ ಕಳಿಸಿದರೆ ಮತ್ತೆ ‘ಎ’ಯೇ ಬರಬೇಕು. ಬರದಿದ್ದರೆ ಊಹೆ ಸುಳ್ಳು. ಇಪ್ಪತ್ತಾರು ಊಹೆಗಳೂ ಸುಳ್ಳಾದರೆ ಆ ರೋಟರ್ ಸ್ಥಾನವನ್ನೇ ಬಿಟ್ಟು ಮುಂದಕ್ಕೆ. ಪ್ಲಗ್‌ಬೋರ್ಡ್‌ನ 150 ಲಕ್ಷ ಕೋಟಿ ಬಗೆಗಳನ್ನು ಯಾರೂ ತಿರುವಿ ನೋಡಬೇಕಿಲ್ಲ, ತರ್ಕವೇ ಅವನ್ನು ಗುಡಿಸಿ ಹಾಕುತ್ತದೆ. ಯಂತ್ರ ಓಡಬೇಕಾದ್ದು ಒಂದು ರೋಟರ್ ಸಾಲಿಗೆ 17,576 ಸ್ಥಾನಗಳನ್ನು ಮಾತ್ರ, ಅದಕ್ಕೆ ಹತ್ತಿಪ್ಪತ್ತು ನಿಮಿಷ ಸಾಕು.

ಒಂದೇ ಕುಣಿಕೆ ಇದ್ದರೆ ಏನು ಕೆಡುತ್ತದೆ? ಆಕಸ್ಮಿಕವಾಗಿ ಪಾಸಾಗುವ ಸ್ಥಾನಗಳು ಲೆಕ್ಕವಿಲ್ಲದಷ್ಟು ಸಿಕ್ಕಿ ಯಂತ್ರ ಮತ್ತೆ ಮತ್ತೆ ಸುಮ್ಮನೆ ನಿಲ್ಲುತ್ತದೆ. ಮೇಲೆ ಸೇರಿಸುವ ಒಂದೊಂದು ಕುಣಿಕೆಯೂ ಆ ಸುಳ್ಳು ನಿಲುಗಡೆಗಳನ್ನು ಸುಮಾರು 26ರಲ್ಲಿ ಒಂದು ಭಾಗಕ್ಕೆ ಇಳಿಸುತ್ತದೆ. ಕುಣಿಕೆ ಹೆಚ್ಚಲು ಕ್ರಿಬ್ ಉದ್ದವಾಗಬೇಕು, ಆದರೆ ತೀರಾ ಉದ್ದವಾದರೆ ನಡುವೆ ಮಧ್ಯದ ರೋಟರ್ ತಿರುಗಿ ಲೆಕ್ಕವೆಲ್ಲ ಕೆಡುತ್ತದೆ. ಈ ಇಕ್ಕಟ್ಟನ್ನು ಸಡಿಲಿಸಿದ್ದು ಬ್ಲೆಚ್ಲಿಯ ಇನ್ನೊಬ್ಬ ಗಣಿತಜ್ಞ ಗೋರ್ಡನ್ ವೆಲ್ಚ್‌ಮನ್. ‘ಟಿ’ ‘ಎ’ಗೆ ಜೋಡಿಯಾದರೆ ‘ಎ’ಯೂ ‘ಟಿ’ಗೇ ಜೋಡಿ ಎಂಬ ಸರಳ ಸಂಗತಿಯನ್ನು ವೈರುಗಳಲ್ಲಿ ಕಟ್ಟಿ ‘ಡಯಾಗನಲ್ ಬೋರ್ಡ್’ ಮಾಡಿದರು. ಆಮೇಲೆ ಕಡಿಮೆ ಕುಣಿಕೆಯ ಮೆನುಗಳೂ ಕೆಲಸಕ್ಕೆ ಬಂದವು. ಚಿತ್ರದಲ್ಲಿ ವೆಲ್ಚ್‌ಮನ್ ಎಂಬ ಪಾತ್ರವೇ ಇಲ್ಲ.

ಪಬ್‌ನ ದೃಶ್ಯದಲ್ಲಿ ನಿಜದ ಎಳೆಯೂ ಒಂದಿದೆ, ಅದನ್ನೂ ಹೇಳಿ. ಹೆಲೆನ್ ಹೇಳುವಂಥ ಸೋಮಾರಿ ಆಪರೇಟರ್‌ಗಳು ನಿಜಕ್ಕೂ ಇದ್ದರು. ಅವರ ಇಂಥ ತಪ್ಪುಗಳಿಗೆ ಬ್ಲೆಚ್ಲಿಯಲ್ಲಿ ‘ಸಿಲ್ಲಿ’ ಎಂದೇ ಹೆಸರಿತ್ತು. ಹವಾಮಾನ ವರದಿ ಒಳ್ಳೆಯ ಕ್ರಿಬ್ ಎಂಬುದೂ ನಿಜ. ಚಿತ್ರಕಥೆ ಮಾಡಿದ್ದು ಇಷ್ಟು: ಮೊದಲ ದಿನದಿಂದ ಇದ್ದ ತಿಳಿವಳಿಕೆಯನ್ನು ತೆಗೆದು ಒಂದು ರಾತ್ರಿಯ ಮಿಂಚಾಗಿ ಕೊನೆಗಿಟ್ಟಿತು.

ಯಂತ್ರ ಮತ್ತು ಜನ

ಯಂತ್ರದ ಹೆಸರು ‘ಬಾಂಬ್’. ಸಿಡಿಯುವ ಬಾಂಬಿಗೂ ಇದಕ್ಕೂ ಸಂಬಂಧವಿಲ್ಲ, ಆದ್ದರಿಂದ ಬರೆಯುವಾಗ ‘ಬಾಂಬ್ ಯಂತ್ರ’ ಎಂದೇ ಬರೆಯಿರಿ. ‘ಕ್ರಿಸ್ಟೋಫರ್’ ಎಂಬ ಹೆಸರು ಚಿತ್ರದ್ದು. ‘ಬಾಂಬ್’ ಹೆಸರಿನ ಬೇರು ಪೋಲೆಂಡಿನದು. ಅಲ್ಲಿನ ಗಣಿತಜ್ಞ ಮಾರಿಯಾನ್ ರೆಯೆಫ್‌ಸ್ಕಿ 1932ರ ಕೊನೆಗೇ ಎನಿಗ್ಮಾದ ಒಳವೈರಿಂಗನ್ನು ಗಣಿತದಿಂದ ಹಿಡಿದಿದ್ದರು; ಅವರು, ರುಜಿಟ್‌ಸ್ಕಿ ಮತ್ತು ಜಿಗಾಲ್‌ಸ್ಕಿ ವರ್ಷಗಟ್ಟಲೆ ಜರ್ಮನ್ ಸಂದೇಶ ಓದಿದರು; 1938ರಲ್ಲಿ ‘ಬೊಂಬಾ’ ಎಂಬ ಯಂತ್ರ ಕಟ್ಟಿದರು; 1939ರ ಜುಲೈನಲ್ಲಿ ವಾರ್ಸಾ ಹತ್ತಿರದ ಪಿರಿ ಎಂಬಲ್ಲಿ ಎಲ್ಲವನ್ನೂ ಬ್ರಿಟಿಷರ, ಫ್ರೆಂಚರ ಕೈಗಿಟ್ಟರು. ಚಿತ್ರದಲ್ಲಿ ಇದಕ್ಕೆ ಒಂದೆರಡು ಮಾತು.

ಟ್ಯೂರಿಂಗ್ ಬ್ಲೆಚ್ಲಿಗೆ ಬಂದದ್ದು 1939ರ ಸೆಪ್ಟೆಂಬರ್ 4ರಂದು. ಮೊದಲ ಬಾಂಬ್ ಯಂತ್ರ ‘ವಿಕ್ಟರಿ’ 1940ರ ಮಾರ್ಚ್‌ನಲ್ಲಿ ಬಂತು, ಡಯಾಗನಲ್ ಬೋರ್ಡ್ ಇರುವ ಎರಡನೆಯದು ಅದೇ ಆಗಸ್ಟ್‌ನಲ್ಲಿ. ಕಟ್ಟಿದ್ದು ಲೆಚ್‌ವರ್ತ್‌ನ ಬ್ರಿಟಿಷ್ ಟ್ಯಾಬ್ಯುಲೇಟಿಂಗ್ ಮೆಷಿನ್ ಕಂಪನಿ, ಎಂಜಿನಿಯರ್ ಹೆರಾಲ್ಡ್ ಕೀನ್. ಟ್ಯೂರಿಂಗ್ ಸ್ಕ್ರೂಡ್ರೈವರ್ ಹಿಡಿದು ಶೆಡ್ಡಿನಲ್ಲಿ ಒಬ್ಬರೇ ಜೋಡಿಸಲಿಲ್ಲ. ಒಂದೊಂದು ಯಂತ್ರದಲ್ಲೂ ಮೂರು ಡ್ರಮ್ಮುಗಳ 36 ಗುಂಪು, ಅಂದರೆ 108 ಡ್ರಮ್ಮು, ತೂಕ ಸುಮಾರು ಒಂದು ಟನ್. ಯುದ್ಧ ಮುಗಿಯುವ ಹೊತ್ತಿಗೆ ಇಂಥವು ಇನ್ನೂರರ ಮೇಲಿದ್ದವು. ಓಡಿಸುತ್ತಿದ್ದವರು ಹೆಚ್ಚಾಗಿ ನೌಕಾಪಡೆಯ ಮಹಿಳಾ ದಳದವರು. ಬ್ಲೆಚ್ಲಿಯ ಒಟ್ಟು ಸಿಬ್ಬಂದಿ ಉತ್ತುಂಗದಲ್ಲಿ ಒಂಬತ್ತು ಹತ್ತು ಸಾವಿರ, ಮುಕ್ಕಾಲು ಪಾಲು ಹೆಂಗಸರು. ಚಿತ್ರದಲ್ಲಿ ಐದಾರು ಗಂಡಸರು ಮತ್ತು ಒಬ್ಬಳೇ ಗಣಿತಜ್ಞೆ, ಜೋನ್ ಕ್ಲಾರ್ಕ್.

ನೋಡುಗರು ಆಗಾಗ ಮಾಡುವ ಇನ್ನೊಂದು ತಪ್ಪು, ಇದನ್ನು ‘ಜಗತ್ತಿನ ಮೊದಲ ಕಂಪ್ಯೂಟರ್’ ಎನ್ನುವುದು. ಬಾಂಬ್ ಯಂತ್ರ ಒಂದೇ ಕೆಲಸಕ್ಕಾಗಿ ಕಟ್ಟಿದ ವಿದ್ಯುತ್ ಯಂತ್ರ. ಜನರ ಮನಸ್ಸಿನಲ್ಲಿ ಇದರೊಂದಿಗೆ ಬೆರೆತಿರುವುದು 1944ರ ಕೊಲೋಸಸ್ ಎಂಬ ಎಲೆಕ್ಟ್ರಾನಿಕ್ ಯಂತ್ರ. ಅದನ್ನು ಕಟ್ಟಿದ್ದು ಟಾಮಿ ಫ್ಲವರ್ಸ್, ಒಡೆದದ್ದು ಎನಿಗ್ಮಾವನ್ನಲ್ಲ, ಲೋರೆನ್ಝ್ ಗೂಢಲಿಪಿಯನ್ನು.

ಬದಲಾವಣೆಗಳನ್ನು ತೂಗುವುದು

ಪಟ್ಟಿ ಮಾಡಿದರೆ ತಪ್ಪುಗಳು ನಲವತ್ತೂ ಸಿಗಬಹುದು. ನಲವತ್ತನ್ನೂ ಬರೆದರೆ ಓದುವವರು ಹತ್ತನೆಯದಕ್ಕೇ ಎದ್ದು ಹೋಗುತ್ತಾರೆ. ಪ್ರತಿಯೊಂದರ ಮುಂದೂ ಒಂದೇ ಪ್ರಶ್ನೆ ಇಡಿ: ಇದನ್ನು ಬದಲಿಸಿದ್ದರಿಂದ ಯಾರ ಬಗ್ಗೆಯಾದರೂ ಸುಳ್ಳು ಅಭಿಪ್ರಾಯ ಉಳಿಯುತ್ತದೆಯೇ?

ಜೋನ್ ಕ್ಲಾರ್ಕ್ ಪದಬಂಧ ಬಿಡಿಸಿ ಕೆಲಸಕ್ಕೆ ಬಂದದ್ದು ಹಗುರವಾದ ಬದಲಾವಣೆ. ಅವರನ್ನು ಕರೆತಂದದ್ದು ಕೇಂಬ್ರಿಜ್‌ನಲ್ಲಿ ಅವರಿಗೆ ಪಾಠ ಮಾಡಿದ್ದ ವೆಲ್ಚ್‌ಮನ್, 1940ರಲ್ಲಿ. ಪದಬಂಧದ ಸ್ಪರ್ಧೆ ನಡೆದದ್ದು ನಿಜ, ಆದರೆ ‘ಡೈಲಿ ಟೆಲಿಗ್ರಾಫ್’ ಪತ್ರಿಕೆಯಲ್ಲಿ, 1942ರ ಜನವರಿಯಲ್ಲಿ. ಸಮಯ ಹನ್ನೆರಡು ನಿಮಿಷ. ಎರಡು ನಿಜಗಳನ್ನು ಒಂದಕ್ಕೊಂದು ಹೊಲಿದಿದ್ದಾರೆ, ಯಾರಿಗೂ ನಷ್ಟವಿಲ್ಲ. ಟ್ಯೂರಿಂಗ್ ಜತೆ ಅವರ 1941ರ ನಿಶ್ಚಿತಾರ್ಥ ನಿಜ, ಮುರಿದದ್ದೂ ನಿಜ. ಆದರೆ ತಾನು ಸಲಿಂಗಪ್ರೇಮಿ ಎಂದು ಟ್ಯೂರಿಂಗ್ ನಿಶ್ಚಿತಾರ್ಥವಾದ ಕೂಡಲೇ ಹೇಳಿದ್ದರು, ಕ್ಲಾರ್ಕ್ ಗಾಬರಿಯಾಗಲಿಲ್ಲ.

ಚರ್ಚಿಲ್‌ಗೆ ಪತ್ರ ಬರೆದದ್ದು ಮಧ್ಯಮ ತೂಕದ್ದು. ಚಿತ್ರದಲ್ಲಿ ಟ್ಯೂರಿಂಗ್ ಒಬ್ಬರೇ ಬರೆದು ಹ್ಯೂ ಅಲೆಕ್ಸಾಂಡರ್ ಕೈಯಲ್ಲಿದ್ದ ತಂಡದ ಯಜಮಾನಿಕೆ ಗಿಟ್ಟಿಸಿಕೊಳ್ಳುತ್ತಾರೆ. 1941ರ ಅಕ್ಟೋಬರ್ 21ರ ಆ ಪತ್ರಕ್ಕೆ ಸಹಿ ಹಾಕಿದವರು ನಾಲ್ವರು: ಟ್ಯೂರಿಂಗ್, ವೆಲ್ಚ್‌ಮನ್, ಹ್ಯೂ ಅಲೆಕ್ಸಾಂಡರ್, ಮಿಲ್ನರ್-ಬ್ಯಾರಿ. ಕೇಳಿದ್ದು ಅಧಿಕಾರವನ್ನಲ್ಲ, ಗುಮಾಸ್ತರನ್ನು, ಟೈಪಿಸ್ಟರನ್ನು, ಯಂತ್ರ ಓಡಿಸುವವರನ್ನು. ನೌಕಾಪಡೆಯ ಎನಿಗ್ಮಾ ನೋಡುತ್ತಿದ್ದ ‘ಹಟ್ 8’ ಎಂಬ ವಿಭಾಗಕ್ಕೆ ಮೊದಲಿನಿಂದಲೂ ಟ್ಯೂರಿಂಗ್ ಅವರೇ ಮುಖ್ಯಸ್ಥರು, ಅಲೆಕ್ಸಾಂಡರ್ ಸೇರಿದ್ದು 1941ರಲ್ಲಿ. ಇಲ್ಲಿ ನಷ್ಟ ಅಲೆಕ್ಸಾಂಡರ್ ಮತ್ತು ಡೆನಿಸ್ಟನ್ ಅವರದು. ಗಣಿತಜ್ಞರನ್ನು ಹುಡುಕಿ ಸೇರಿಸಿದ ಡೆನಿಸ್ಟನ್ ಇಲ್ಲಿ ಅಡ್ಡಗಾಲು ಹಾಕುವ ಅಧಿಕಾರಿಯಾಗಿದ್ದಾರೆ. ಅವರ ಮನೆಯವರು ಬೇಸರಪಟ್ಟದ್ದು ಸಹಜ.

ಸಂದೇಶ ಒಡೆದ ರಾತ್ರಿಯೇ ಯಾವ ಹಡಗನ್ನು ಉಳಿಸಬೇಕು, ಯಾವುದನ್ನು ಮುಳುಗಲು ಬಿಡಬೇಕು ಎಂದು ಆ ಐದಾರು ಜನ ಮೇಜಿನ ಸುತ್ತ ನಿರ್ಧರಿಸುವುದು ಇನ್ನೂ ಭಾರ. ಅದು ಅವರ ಕೆಲಸವೇ ಆಗಿರಲಿಲ್ಲ. ಒಡೆದ ಸಂದೇಶ ನೌಕಾಪಡೆಗೆ ಹೋಗುತ್ತಿತ್ತು, ಅಲ್ಲಿಂದ ಹಡಗುಗಳ ದಾರಿ ಬದಲಿಸುತ್ತಿದ್ದರು. ಮುಳುಗಲಿರುವ ಹಡಗುಗಳ ಜತೆಗಿರುವ ಅಣ್ಣನಿಗಾಗಿ ತಂಡದ ಪೀಟರ್ ಹಿಲ್ಟನ್ ಅಂಗಲಾಚುವ ದೃಶ್ಯ ಪೂರ್ತಿ ಕಲ್ಪನೆ. ನಿಜದ ಹಿಲ್ಟನ್ ಬ್ಲೆಚ್ಲಿಗೆ ಕಾಲಿಟ್ಟದ್ದೇ 1942ರ ಜನವರಿಯಲ್ಲಿ. ನಾಟಕವಾಗಿ ಆ ದೃಶ್ಯಕ್ಕೆ ಕಸುವಿದೆ ಎಂದು ಒಪ್ಪಿಕೊಂಡೇ ಇದನ್ನು ಬರೆಯಬಹುದು.

ಎಲ್ಲಕ್ಕಿಂತ ಭಾರದ್ದು ಜಾನ್ ಕೇರ್ನ್‌ಕ್ರಾಸ್ ಪ್ರಸಂಗ. ಸೋವಿಯತ್ ಗೂಢಚಾರ ಕೇರ್ನ್‌ಕ್ರಾಸ್ ಬ್ಲೆಚ್ಲಿಯಲ್ಲಿ ಇದ್ದದ್ದು ನಿಜ, ಆದರೆ ಬೇರೆ ಹಟ್ಟಿನಲ್ಲಿ. ಟ್ಯೂರಿಂಗ್ ಅವರೊಂದಿಗೆ ಒಡನಾಟವಿತ್ತು ಎನ್ನುವುದಕ್ಕೆ ಆಧಾರವಿಲ್ಲ. ಚಿತ್ರದಲ್ಲಿ ಅವನು ಟ್ಯೂರಿಂಗ್ ಅವರ ಗುಟ್ಟು ಹಿಡಿದು ಬೆದರಿಸುತ್ತಾನೆ, ಟ್ಯೂರಿಂಗ್ ಸುಮ್ಮನಾಗುತ್ತಾರೆ. ಅಂದರೆ ಗೂಢಚಾರ ಎಂದು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡರು ಎಂದಾಯಿತು. ಅದು ದೇಶದ್ರೋಹದ ಆರೋಪ. ಸಲಿಂಗಪ್ರೇಮಿಗಳನ್ನು ಬೆದರಿಸಿ ಗುಟ್ಟು ಕದಿಯಬಹುದು, ಆದ್ದರಿಂದ ಅವರನ್ನು ನಂಬಬಾರದು ಎಂಬುದು ಆ ಕಾಲದ ಅಧಿಕಾರಿಗಳ ವಾದವಾಗಿತ್ತು. ಸಲಿಂಗಪ್ರೇಮಿಗಳ ಪರವಾಗಿ ನಿಲ್ಲಲು ಹೊರಟ ಚಿತ್ರವೇ ಆ ವಾದಕ್ಕೆ ಒಂದು ಉದಾಹರಣೆ ಹುಟ್ಟಿಸಿಕೊಟ್ಟಿದೆ. ಒಂದೇ ಒಂದು ತಪ್ಪಿನ ಬಗ್ಗೆ ಬರೆಯಲು ಜಾಗವಿದ್ದರೆ ಇದನ್ನು ಬರೆಯಿರಿ.

ಪೊಲೀಸ್ ವಿಚಾರಣೆಯ ಚೌಕಟ್ಟೂ ಇದೇ ಗುಂಪಿನದು. ಡಿಟೆಕ್ಟಿವ್ ನಾಕ್ ಕಲ್ಪಿತ ಪಾತ್ರ. ಅವನ ಮುಂದೆ ಯುದ್ಧಕಾಲದ ರಹಸ್ಯವನ್ನೆಲ್ಲ ಟ್ಯೂರಿಂಗ್ ಬಿಚ್ಚಿಡುತ್ತಾರೆ. ನಿಜದ ಟ್ಯೂರಿಂಗ್ ಹಾಗೆ ಮಾಡಲಿಲ್ಲ. ಬ್ಲೆಚ್ಲಿಯ ಸಂಗತಿ ಹೊರಬಿದ್ದದ್ದು ಅವರು ಸತ್ತು ಎಷ್ಟೋ ವರ್ಷಗಳಾದ ಮೇಲೆ.

ಕೊನೆಯ ಭಾಗದ ಬಗ್ಗೆ ಬರೆಯುವಾಗ

ಇಲ್ಲಿ ವರ್ಷಗಳನ್ನು ಚಿತ್ರದಿಂದ ಎತ್ತಬೇಡಿ. ಟ್ಯೂರಿಂಗ್ ಮನೆಯ ಕಳವು 1952ರ ಜನವರಿಯದು, ದೂರು ಕೊಟ್ಟವರು ಟ್ಯೂರಿಂಗ್ ಅವರೇ. ಸಲಿಂಗಸಂಬಂಧದ ಅಪರಾಧಕ್ಕೆ ಅವರದೇ ವಿಚಾರಣೆ 1952ರ ಮಾರ್ಚ್ 31ರಂದು. ಜೈಲಿನ ಬದಲು ಒಂದು ವರ್ಷ ಈಸ್ಟ್ರೋಜನ್ ಹಾರ್ಮೋನ್. ಅದು 1953ರ ಏಪ್ರಿಲ್‌ಗೆ ಮುಗಿಯಿತು. ಪದಬಂಧವನ್ನೂ ಬಿಡಿಸಲಾಗದೆ ನಡುಗುವ, ಮನೆಯಲ್ಲಿಟ್ಟ ಯಂತ್ರವನ್ನು ತಬ್ಬಿ ಬದುಕುವ ಮನುಷ್ಯ ಚಿತ್ರದ ಸೃಷ್ಟಿ. ಮನೆಯಲ್ಲಿ ಅಂಥ ಯಂತ್ರವಿರಲಿಲ್ಲ. ಜೀವಿಗಳಲ್ಲಿ ಪಟ್ಟೆ, ಚುಕ್ಕೆ, ಎಲೆಗಳ ಜೋಡಣೆ ಹೇಗೆ ಮೂಡುತ್ತವೆ ಎಂಬ ಗಣಿತದ ಪ್ರಬಂಧ ಪ್ರಕಟವಾದದ್ದು ಅದೇ 1952ರಲ್ಲಿ, ಆ ಕೆಲಸ ಕೊನೆಯವರೆಗೂ ನಡೆದಿತ್ತು. ಶಿಕ್ಷೆಯ ಕ್ರೌರ್ಯ ಇದರಿಂದ ಕಡಿಮೆಯಾಗುವುದಿಲ್ಲ.

ಸಾವು 1954ರ ಜೂನ್ 7ರಂದು, ಸಯನೈಡ್‌ನಿಂದ. ಸಾವಿನ ಬಗೆಗಿನ ವಿಚಾರಣೆಯ ತೀರ್ಪು ಆತ್ಮಹತ್ಯೆ. ಪಕ್ಕದಲ್ಲಿದ್ದ ಅರ್ಧ ಕಚ್ಚಿದ ಸೇಬನ್ನು ಯಾರೂ ಪರೀಕ್ಷೆ ಮಾಡಲಿಲ್ಲ. ‘ವಿಷದ ಸೇಬು ತಿಂದು ಸತ್ತರು’ ಎಂದು ಬರೆಯಬೇಡಿ. ಬ್ರಿಟಿಷ್ ಪ್ರಧಾನಿಯ ಕ್ಷಮಾಪಣೆ 2009ರ ಸೆಪ್ಟೆಂಬರ್‌ನಲ್ಲಿ, ರಾಣಿಯ ಕ್ಷಮಾದಾನ 2013ರ ಡಿಸೆಂಬರ್‌ನಲ್ಲಿ. ಎರಡೂ ಬೇರೆ ಬೇರೆ, ಒಂದೇ ವಾಕ್ಯದಲ್ಲಿ ಕಲಸಬೇಡಿ.

ಭಾರತದಲ್ಲಿ ಸಲಿಂಗಸಂಬಂಧವನ್ನು ಅಪರಾಧವಾಗಿಸಿದ್ದ 377ನೇ ಸೆಕ್ಷನ್ನನ್ನು ಪ್ರಸ್ತಾಪಿಸುವುದು ಸಹಜ, ಅದು ಅಪರಾಧವಲ್ಲ ಎಂದ ಸುಪ್ರೀಂ ಕೋರ್ಟ್ ತೀರ್ಪು 2018ರ ಸೆಪ್ಟೆಂಬರ್ 6ರದು. ಆದರೆ ಟ್ಯೂರಿಂಗ್ ಮೇಲೆ ಬಿದ್ದ ಕಾನೂನು ಬ್ರಿಟನ್ನಿನ 1885ರದು, ನಮ್ಮದು 2024ರವರೆಗೆ ಜಾರಿಯಲ್ಲಿದ್ದ 1860ರ ದಂಡಸಂಹಿತೆಯದಾಗಿತ್ತು. ಒಂದೇ ಮನೋಭಾವದ ಎರಡು ಕಾನೂನು ಎನ್ನಿ, ‘ಅದೇ ಕಾನೂನು’ ಎನ್ನಬೇಡಿ. ನಮ್ಮ ಕಡೆಯ ನಿಜವಾದ ನಂಟು ಬೇಕಿದ್ದರೆ ಅಪ್ಪ ಜೂಲಿಯಸ್ ಟ್ಯೂರಿಂಗ್ ಇದ್ದಾರೆ. ಐಸಿಎಸ್ ಅಧಿಕಾರಿಯಾಗಿ ಮದ್ರಾಸ್ ಪ್ರಾಂತ್ಯದಲ್ಲಿದ್ದ ಅವರು ಮೊದಲ ವರ್ಷಗಳಲ್ಲಿ ಕೆಲಸ ಮಾಡಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಅಲನ್ ಹುಟ್ಟಿದ್ದು ಲಂಡನ್ನಿನಲ್ಲಿ, 1912ರ ಜೂನ್ 23ರಂದು. ‘ಬಳ್ಳಾರಿಯ ಮಗ’ ಎಂದು ಹಿಗ್ಗಿಸಬೇಡಿ.

ಬೇರೆಯವರ ಅಭಿಪ್ರಾಯ ಓದುವಾಗ

ಎರಡು ಗುರುತುಗಳಿಂದ ಅಭಿಪ್ರಾಯದ ಹುರುಳು ಬೇಗ ತಿಳಿಯುತ್ತದೆ. ಯಾರೂ ಲೆಕ್ಕಕ್ಕಿಡದವರೇ ಯಾರೂ ಊಹಿಸದ ಕೆಲಸ ಮಾಡುತ್ತಾರೆ ಎಂಬರ್ಥದ ಮಾತನ್ನು ‘ಟ್ಯೂರಿಂಗ್ ಹೇಳಿದ್ದು’ ಎಂದು ಹಾಕಿದ್ದರೆ, ಬರೆದವರು ಚಿತ್ರವನ್ನು ಬಿಟ್ಟು ಬೇರೇನೂ ನೋಡಿಲ್ಲ. ಆ ಮಾತು ಚಿತ್ರಕಥೆಗಾರನದು. ಇನ್ನು ‘ಯುದ್ಧ ಎರಡು ವರ್ಷ ಬೇಗ ಮುಗಿಯಿತು, ಒಂದು ಕೋಟಿ ನಲವತ್ತು ಲಕ್ಷ ಜೀವ ಉಳಿಯಿತು’ ಎಂಬುದನ್ನು ಘಟನೆಯಂತೆ ಬರೆದಿದ್ದರೆ ಅದು ಚಿತ್ರದ ಕೊನೆಯ ಬರಹದ ನಕಲು. ಎರಡು ವರ್ಷದ ಅಂದಾಜು ಬ್ಲೆಚ್ಲಿಯಲ್ಲೇ ಇದ್ದ ಇತಿಹಾಸಕಾರ ಹ್ಯಾರಿ ಹಿನ್ಸ್ಲಿ ಅವರದು. ಅದು ಎನಿಗ್ಮಾ ಒಂದಕ್ಕೇ ಸೇರಿದ್ದಲ್ಲ, ಲೋರೆನ್ಝ್ ಸೇರಿ ಬ್ಲೆಚ್ಲಿಯ ಒಟ್ಟು ಗುಪ್ತಮಾಹಿತಿಗೆ. ನಡೆಯದೇ ಹೋದದ್ದರ ಮೇಲಿನ ಊಹೆ ಬೇರೆ.

ಒಂದು ದೂರನ್ನು ಮಾತ್ರ ತಳ್ಳಿಹಾಕಬೇಡಿ: ಟ್ಯೂರಿಂಗ್ ಸಲಿಂಗಪ್ರೇಮಿ ಎಂದು ಸಾರುವ ಚಿತ್ರದಲ್ಲಿ ದೊಡ್ಡವರಾದ ಟ್ಯೂರಿಂಗ್ ಯಾವ ಗಂಡಸಿನೊಂದಿಗೂ ಆಪ್ತವಾಗಿರುವ ಒಂದು ದೃಶ್ಯವೂ ಇಲ್ಲ, ಪ್ರೀತಿಯೆಲ್ಲ ಶಾಲೆಯ ಗೆಳೆಯ ಕ್ರಿಸ್ಟೋಫರ್ ನೆನಪಿಗೆ ಮೀಸಲು. ಇದಕ್ಕೆ ಇತಿಹಾಸದ ದಾಖಲೆ ಬೇಕಿಲ್ಲ, ಚಿತ್ರವೇ ಸಾಕ್ಷಿ. ನಟನೆಯ ಬಗ್ಗೆಯೂ ಹೀಗೆಯೇ ತೆರೆಯ ಮೇಲಿಂದಲೇ ಬರೆಯಿರಿ. ಕಂಬರ್‌ಬ್ಯಾಚ್ ಒಳ್ಳೆಯ ನಟನೆ ಮಾಡಿದ್ದಾರೆ, ಆದರೆ ಬರೆದುಕೊಟ್ಟ ಪಾತ್ರ ತಮಾಷೆಯೇ ಅರ್ಥವಾಗದ ಒರಟನದು. ಸಹೋದ್ಯೋಗಿಗಳು ‘ಪ್ರೊಫ್’ ಎಂದು ಕರೆಯುತ್ತಿದ್ದ ಮನುಷ್ಯ ನಗುನಗುತ್ತಿದ್ದವರೇ.

ನಿಮ್ಮ ಬರಹ ಐನೂರು ಪದ ದಾಟುವುದು ಬೇಡ. ಮೊದಲ ಭಾಗದಲ್ಲಿ ಅನಿಸಿಕೆ, ಒಂದು ದೃಶ್ಯದ ಹೆಸರು ಹೇಳಿ. ನಡುವೆ ಒಂದು ಹಗುರ, ಒಂದು ಭಾರದ ಬದಲಾವಣೆ. ‘ಇತಿಹಾಸ ತಿರುಚಿದ್ದಾರೆ’ ಎಂದು ಬರೆದ ಕಡೆಯಲ್ಲೆಲ್ಲ ಆ ವಾಕ್ಯ ಹೊಡೆದು ಹಾಕಿ ಹೀಗೆ ಬರೆಯಿರಿ: ‘ಪಬ್‌ನಲ್ಲಿ ಹೊಳೆಯುವ ಉಪಾಯ ನಿಜದಲ್ಲಿ ಯಂತ್ರ ಕಟ್ಟುವ ಮೊದಲೇ ಇತ್ತು, ಅದನ್ನು ಕೊನೆಗಿಟ್ಟಿದ್ದರಿಂದ ದೃಶ್ಯಕ್ಕೆ ಓಟ ಸಿಕ್ಕಿದೆ, ವೆಲ್ಚ್‌ಮನ್ ಮತ್ತು ಪೋಲೆಂಡಿನ ಮೂವರು ಕಾಣೆಯಾಗಿದ್ದಾರೆ.’